ಬಿಂಬುಳಿ ಹೋದ ದಾರಿ

"ಇನ್ನೂ ಎಷ್ಟು ತುಂಬಿಸುತ್ತೀ ಮಾರಾಯ್ತಿ? ನಳ್ಳಿಯನ್ನೇ ಕಿತ್ತು ಮನೆಗೆ ಕೊಂಡುಹೋಗು!"

ಸಾಲಿನಲ್ಲಿ ನಿಂತಿದ್ದ ವಿಲ್ಫ್ರೆಡ್ ಕೂಗಿದ. ಹಿಂದಿದ್ದವರೆಲ್ಲ ನಕ್ಕರು. ಜಮೀಲಾ ತಿರುಗಿ ನೋಡಲಿಲ್ಲ. ತನ್ನ ವಾಟರ್‌ಬ್ಯಾಗ್ ತುಂಬಿದ ಮೇಲೆ ರಮಾಮಣಿಯದ್ದನ್ನೂ ಶಾಲೆಯ ನಳ್ಳಿಗೆ ಹಿಡಿದಳು.

"ಅವರ ಬಾವಿ ನಾರುತ್ತದಂತೆ. ಕಕ್ಕಸಿನ ನೀರು ಬರುತ್ತದಂತೆ," ಎಂದ ವಿಲ್ಫ್ರೆಡ್.

"ನಿನ್ನ ಬಾಯಿ ನಾರುತ್ತದೆ, ಹೋಗೋ!" ಎಂದಳು ರಮಾಮಣಿ.

ಜಮೀಲಾ, ರಮಾಮಣಿ ಇಬ್ಬರಿಗೂ ಐದನೇ ಕ್ಲಾಸಿನಲ್ಲಿ ಒಂದೇ ಬೆಂಚು. ಉಡುಪಿಯ ಒಂದೇ ಓಣಿಯಲ್ಲಿ ಮನೆ. ರಮಾಮಣಿಯ ಮನೆ ಓಣಿಯ ನಡುವೆ, ಜಮೀಲಾಳದ್ದು ಇಳಿಜಾರಿನ ಕೊನೆಯಲ್ಲಿ, ಗದ್ದೆಯ ಹತ್ತಿರ. ಓಣಿಗೆಲ್ಲ ಒಂದೇ ಒಂದು ಬಿಂಬುಳಿ ಮರ, ಅದು ರಮಾಮಣಿಯ ಅಂಗಳದಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಹುಳಿಹುಳಿ ಬಿಂಬುಳಿಕಾಯಿಯನ್ನು ಉಪ್ಪಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಮೊದಲು ಕಣ್ಣು ಬಿಟ್ಟವರು ಸೋತಂತೆ.

ಶಾಲೆ ಬಿಟ್ಟಿತು. ಇಬ್ಬರೂ ತುಂಬಿದ ವಾಟರ್‌ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಡೆದರು.

"ಇವತ್ತು ಮುನಿಸಿಪಾಲಿಟಿಯ ಶೀನಣ್ಣ ಬರುತ್ತಾರೆ," ಎಂದಳು ಜಮೀಲಾ. "ಪೈಪಿನಲ್ಲಿ ಎಂತದೋ ಸಿಕ್ಕಿಕೊಂಡಿದೆಯಂತೆ. ಅದು ಸರಿಯಾದರೆ ಬಾವಿಯೂ ಸರಿಯಾಗುತ್ತದೆ."

"ಸರಿಯಾಗದಿದ್ದರೆ?"

"ಕಾಪುವಿನಲ್ಲಿ ಅಜ್ಜಿ ಮನೆ ಉಂಟಲ್ಲ, ಅಲ್ಲಿಗೆ ಹೋಗುವ ಅಂತಾರೆ ಉಮ್ಮ. ತಮ್ಮನಿಗೆ ಪುನಃ ವಾಂತಿ. ಮಣಿಪಾಲದ ಡಾಕ್ಟರು ಬಾವಿಯ ನೀರು ಮುಟ್ಟಲೇಬೇಡಿ ಅಂದಿದ್ದಾರೆ."

"ಮತ್ತೆ ಶಾಲೆ?"

"ಶಾಲೆಯೂ ಅಲ್ಲಿಯೇ."

ರಮಾಮಣಿ ವಾಟರ್‌ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

ಹೋದ ಬೇಸಗೆಯಲ್ಲಿ ಓಣಿಯನ್ನು ಅಗೆದು ಒಳಚರಂಡಿಯ ಪೈಪು ಹಾಕಿದ್ದರು. ಪ್ರತಿ ಅಂಗಳದ ತುದಿಯಲ್ಲಿ ಒಂದು ಗುಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಬಚ್ಚಲಿನ ನೀರು, ಕಕ್ಕಸಿನ ನೀರು ಇನ್ನು ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ ಎಂದು ಎಲ್ಲರಿಗೂ ಸಂಭ್ರಮ. ಓಣಿಯ ಬದಿಯಲ್ಲಿದ್ದ ಮಳೆನೀರಿನ ತೋಡು ಅಗೆದ ಮಣ್ಣಿನಲ್ಲಿ ಮುಚ್ಚಿಹೋಯಿತು. ಅದರ ಮೇಲೆಯೇ ಡಾಮರು ಬಿತ್ತು. ಬಿಸಿಲಿನ ದಿನ ತೋಡಿನ ನೆನಪು ಯಾರಿಗೆ ಬರುತ್ತದೆ?

ಈ ಮಳೆಗಾಲದಲ್ಲಿ ನೆನಪಾಯಿತು. ಮೊದಲ ಜೋರು ಮಳೆಗೇ ರಮಾಮಣಿಯ ಅಂಗಳ ತುಂಬಿ, ನೀರು ಜಗಲಿಯ ಮೆಟ್ಟಿಲು ಹತ್ತಿತು. ಆಗ ಅಪ್ಪ ಕಬ್ಬಿಣದ ಸಲಾಕೆ ತಂದು ಗುಂಡಿಯ ಮುಚ್ಚಳ ಎಬ್ಬಿಸಿದರು. ಗುಳುಗುಳು ಎಂದು ನೀರೆಲ್ಲ ಇಳಿದುಹೋಯಿತು.

"ನೋಡಿದೆಯಾ, ನೆಲದ ಅಡಿಯಲ್ಲೇ ತೋಡು ಮಾಡಿ ಕೊಟ್ಟಿದ್ದಾರೆ!" ಎಂದು ಅಪ್ಪ ನಕ್ಕಿದ್ದರು.

ಪಕ್ಕದ ಮನೆಯವರೂ ಹಾಗೆಯೇ ಮಾಡಿದರು. ಆಮೇಲೆ ಓಣಿಯವರೆಲ್ಲ. ಉದುರಿದ ಎಲೆ, ಬಿಂಬುಳಿಗಳನ್ನು ಹಿಡಿಸೂಡಿಯಿಂದ ಗುಂಡಿಗೆ ತಳ್ಳುವುದು ರಮಾಮಣಿಯ ಕೆಲಸ. ಹಸಿರು ಬಿಂಬುಳಿಗಳು ಗಿರಗಿರ ತಿರುಗಿ ಮಾಯವಾಗುವುದನ್ನು ನೋಡುವುದೆಂದರೆ ಅವಳಿಗೆ ಬಹಳ ಇಷ್ಟವಾಗಿತ್ತು.

ಜಮೀಲಾಳ ಮನೆ ತಲುಪುವ ಮೊದಲೇ ವಾಸನೆ ಬಂತು. ಅಲ್ಲಿಯ ಗುಂಡಿಯಿಂದ ಕಪ್ಪು ನೀರು ಉಕ್ಕಿ, ಅಂಗಳ ದಾಟಿ, ಬಾವಿಯ ಕಟ್ಟೆಗೆ ತಾಗಿಕೊಂಡು ಹರಿಯುತ್ತಿತ್ತು. ಜಮೀಲಾಳ ಉಮ್ಮ ರಾಬಿಯಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಹೆಗಲ ಮೇಲೆ ಜಮೀಲಾಳ ಸಣ್ಣ ತಮ್ಮ ಬದ್ರುದ್ದೀನ್ ಕಣ್ಣು ಮುಚ್ಚಿ ಮಲಗಿದ್ದ.

ಶೀನಣ್ಣ ಮುಚ್ಚಳ ಸರಿಸಿ, ಬಿದಿರಿನ ಸೀಳನ್ನು ಗುಂಡಿಗೆ ತೂರಿಸಿ ಎಳೆಯುತ್ತಿದ್ದರು. ಮೊದಲು ಎಲೆಯ ಮುದ್ದೆ ಬಂತು. ಮತ್ತೆ ತೆಂಗಿನ ಸಿಪ್ಪೆ. ಆಮೇಲೆ ಒಂದಷ್ಟು ಉದ್ದುದ್ದ ಕಾಯಿಗಳು ಕಪ್ಪು ನೀರಿನಲ್ಲಿ ತೇಲಿ ಮೇಲೆ ಬಂದವು.

"ಇದೆಂತದು ಅಕ್ಕ? ಬಿಂಬುಳಿ ಉಪ್ಪಿನಕಾಯಿಯ ಭರಣಿಯನ್ನೇ ಇಲ್ಲಿ ಕವುಚಿದ್ದೀರಾ ಹೇಗೆ?" ಶೀನಣ್ಣ ನಗಿಸಲು ನೋಡಿದರು.

"ನಮ್ಮಲ್ಲಿ ಬಿಂಬುಳಿ ಮರ ಎಲ್ಲುಂಟು?" ಎಂದರು ರಾಬಿಯಾ.

ಜಮೀಲಾ ಆ ಕಾಯಿಗಳನ್ನು ನೋಡಿದಳು. ಆಮೇಲೆ ರಮಾಮಣಿಯನ್ನು ನೋಡಿದಳು.

ರಮಾಮಣಿ ವಾಟರ್‌ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಮನೆಗೆ ಓಡಿದಳು.

"ಅಪ್ಪಾ, ಇನ್ನು ಮುಚ್ಚಳ ತೆಗೆಯುವುದು ಬೇಡ. ಜಮೀಲಾಳ ಮನೆಯ ಗುಂಡಿಯಲ್ಲಿ ನಮ್ಮ ಬಿಂಬುಳಿ ಸಿಕ್ಕಿತು. ನಮ್ಮ ನೀರು ಹೋಗಿ ಅಲ್ಲಿ ಉಕ್ಕುತ್ತದೆ."

ಅಪ್ಪ ಓದುತ್ತಿದ್ದ ಪೇಪರನ್ನು ಕೆಳಗಿಟ್ಟರು.

"ಮತ್ತೆ ಅಂಗಳದ ನೀರು ಎಲ್ಲಿಗೆ ಹೋಗಬೇಕು ಮಗಾ? ಅಜ್ಜಿಯ ಕೋಣೆಗೆ ಬರಲಿಕ್ಕೆ ಬಿಡುವುದಾ?"

"ತೋಡು ಬಿಡಿಸುವ."

"ಅದರ ಮೇಲೆ ಈಗ ರಸ್ತೆ ಉಂಟಲ್ಲ. ಮುನಿಸಿಪಾಲಿಟಿಗೆ ಎರಡು ಸಲ ಹೋಗಿ ಹೇಳಿ ಬಂದೆ. ಮಳೆ ಮುಗಿಯಲಿ, ನೋಡುವ ಅಂತಾರೆ." ಅಪ್ಪ ಉಸಿರುಬಿಟ್ಟರು. "ನಾವೊಬ್ಬರು ಮುಚ್ಚಿದರೆ ಎಂತ ಆಗುತ್ತದೆ? ಮೇಲಿನ ಮನೆಯವರೆಲ್ಲ ತೆಗೆಯುತ್ತಾರಲ್ಲ."

ಮರುದಿನ ಮಧ್ಯಾಹ್ನ ರಮಾಮಣಿ ಕಾಗದದ ಪೊಟ್ಟಣ ಬಿಚ್ಚಿ ಬೆಂಚಿನ ನಡುವೆ ಇಟ್ಟಳು. ಮರದಿಂದಲೇ ಕೊಯ್ದ, ಮೂರು ಸಲ ತೊಳೆದ ಬಿಂಬುಳಿ. ಜೊತೆಗೆ ಉಪ್ಪು.

ಜಮೀಲಾ ಒಂದನ್ನು ಕೈಯಲ್ಲಿ ತೆಗೆದುಕೊಂಡಳು. ಮೂಗಿನ ಹತ್ತಿರ ತಂದು, ಪುನಃ ಕಾಗದದ ಮೇಲಿಟ್ಟಳು.

"ನನಗೆ ಬೇಡ," ಎಂದಳು ಮೆಲ್ಲಗೆ. "ವಾಸನೆ ಬಂದ ಹಾಗೆ ಆಗುತ್ತದೆ."

ಆ ವಾರವಿಡೀ ಮಳೆ ಬಿಡಲಿಲ್ಲ. ಶೀನಣ್ಣ ಬಿಡಿಸಿ ಹೋದದ್ದು ಮರುದಿನವೇ ಮತ್ತೆ ಉಕ್ಕಿತು. ಬೇಸಗೆಯಲ್ಲಿ ಓಣಿಯವರೆಲ್ಲ ಕೊಡ ಹಿಡಿದು ಬರುತ್ತಿದ್ದ ಆ ಬಾವಿಗೆ ಹಲಗೆ ಮುಚ್ಚಿ, ಮೇಲೆ ಕಲ್ಲು ಹೇರಿದರು. ಶುಕ್ರವಾರ ಜಮೀಲಾಳ ಮಾವ ಕಾಪುವಿನಿಂದ ಬಾಡಿಗೆ ಕಾರು ತಂದರು. ಕಾರು ರಮಾಮಣಿಯ ಮನೆಯ ಎದುರಿನಿಂದಲೇ ಹೋಯಿತು. ಹಿಂದಿನ ಸೀಟಿನಲ್ಲಿ ಹಾಸಿಗೆಯ ಸುರುಳಿ, ಪಾತ್ರೆಗಳ ನಡುವೆ ಜಮೀಲಾ ಇದ್ದಳು. ಗ್ಲಾಸಿನ ಮೇಲೆ ಮಳೆ ಇಳಿಯುತ್ತಿತ್ತು. ಅವಳು ಕೈ ಎತ್ತಿದಳೋ ಇಲ್ಲವೋ ಕಾಣಿಸಲಿಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಆಕಾಶ ಕಪ್ಪಾಯಿತು. ಅಂಗಳದಲ್ಲಿ ನೀರು ಏರಿತು. ಅಪ್ಪ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಸಲಾಕೆ ಹಿಡಿದು ಇಳಿದರು.

ಮುಚ್ಚಳದ ಮೇಲೆ ರಮಾಮಣಿ ನಿಂತಿದ್ದಳು.

"ಬದಿಗೆ ಬಾ."

"ಇಲ್ಲ."

"ಅವರು ಹೋಗಿ ಆಯಿತಲ್ಲ ಮಗಾ. ಇನ್ನು ಯಾರಿಗಾಗಿ?"

ರಮಾಮಣಿಯ ಜಡೆಯಿಂದ ನೀರು ಸೋರುತ್ತಿತ್ತು. "ಆ ಹುಡುಗಿಗೆ ಜ್ವರ ಬರುತ್ತದೆ, ಒಳಗೆ ಕರೆಯಿರಿ!" ಎಂದು ಅಜ್ಜಿ ಜಗಲಿಯಿಂದ ಕೂಗಿದರು. ಅಪ್ಪ ಕೊನೆಗೆ ಸಲಾಕೆಯನ್ನು ಗೋಡೆಗೆ ಒರಗಿಸಿ, ಅಜ್ಜಿಯ ಕೋಣೆಯ ಬಾಗಿಲಿಗೆ ಗೋಣಿ ಅಡ್ಡ ಇಡಲು ಒಳಗೆ ಹೋದರು.

ನೀರು ಅವಳ ಪಾದ ಮುಚ್ಚಿತು. ಮರದಿಂದ ಉದುರಿದ ಬಿಂಬುಳಿಗಳು ಹೋಗಲು ದಾರಿಯಿಲ್ಲದೆ ಅವಳ ಕಾಲ ಸುತ್ತ ತೇಲಾಡಿದವು.

ಆಗ ಅಡಿಯಲ್ಲಿ ಕಬ್ಬಿಣ ನಡುಗಿದ್ದು ಅವಳಿಗೆ ತಿಳಿಯಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಮೇಲಿನ ಮನೆಗಳಲ್ಲಿ ಮುಚ್ಚಳ ತೆರೆದಿದ್ದರು. ಅವಳ ಕಾಲ ಕೆಳಗಿನಿಂದ ನೀರು ಧೋ ಎಂದು ಓಡುತ್ತಿತ್ತು, ಓಣಿಯ ಕೊನೆಗೆ, ಬೀಗ ಹಾಕಿದ ಆ ಮನೆಯ ಕಡೆಗೆ.

ರಮಾಮಣಿ ಅದನ್ನು ಕೇಳುತ್ತ ಅಲ್ಲಿಯೇ ನಿಂತಳು.