ಚಡಾವಿನ ಬುಡದ ನೀರಿನ ಡಬ್ಬ

೧೯೪೩ನೇ ಇಸವಿ ಮಾರ್ಚ್ ೮, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಲಾರಿ ಮಾಲಕ ಅಬೂಬಕ್ಕರ್ ಠಾಣೆಯ ಮೆಟ್ಟಿಲು ಹತ್ತಿದರು. ಹಿಂದೆ ಅವರ ಡ್ರೈವರ್ ಅಂಗಾರ ತಲೆ ತಗ್ಗಿಸಿಕೊಂಡು ಬಂದ. ಅವನ ಖಾಕಿ ಅಂಗಿಯ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿತ್ತು. ಲೈಸನ್ಸ್ ಇದ್ದ ಡ್ರೈವರಿಗೆ ಸರಕಾರ ಕೊಡುವ ಬಿಲ್ಲೆ ಅದು. ಬೋಳಾರದಲ್ಲಿ ಮೀನು ಮಾರುವ ಅವನ ತಾಯಿ ರಾಜೀವಿ ಆದಿತ್ಯವಾರಕ್ಕೊಮ್ಮೆ ಹುಣಸೆಹುಳಿ ಹಾಕಿ ಅದನ್ನು ತಿಕ್ಕಿ ಕೊಡುತ್ತಿದ್ದಳು. ಆ ಮನೆಯಲ್ಲಿ ದೋಣಿಯ ಹುಟ್ಟು ಬಿಟ್ಟು ಲಾರಿಯ ಚಕ್ರ ಹಿಡಿದವರಲ್ಲಿ ಅಂಗಾರನೇ ಮೊದಲು.

"ಎಂತ ಕಂಪ್ಲೇಂಟು?" ಎಂದು ಇನ್ಸ್‌ಪೆಕ್ಟರ್ ಅಲ್ಫೋನ್ಸ್ ಕೇಳಿದರು.

"ಪೆಟ್ರೋಲ್ ಕಳವು ಸರ್. ಮೂರು ಟ್ರಿಪ್ಪಿನಿಂದ ಪ್ರತಿ ಸಲ ಒಂದೂವರೆ ಗ್ಯಾಲನ್ ಹೋಗ್ತಾ ಉಂಟು. ಶನಿವಾರ ರೇಷನ್ ಅಕ್ಕಿ ತುಂಬಿದ ಲಾರಿ ಮೂಡಬಿದ್ರೆಗೆ ಎರಡು ಮೈಲಿ ಇರುವಾಗ ನಿಂತುಬಿಟ್ಟಿತು. ಅಲ್ಲಿ ಜನ ಚೀಲ ಹಿಡಿದು ಸಂಜೆವರೆಗೆ ಕಾದ್ರು."

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ ಚೀಟಿ ಬಂದಿತ್ತು. ಬಸ್ಸುಗಳೆಲ್ಲ ಹಿಂದೆ ಉದ್ದದ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಅಕ್ಕಿ ಲಾರಿಗೆ ಮಾತ್ರ ಸರಕಾರ ಅಳೆದು ಪೆಟ್ರೋಲ್ ಕೊಡುತ್ತಿತ್ತು. ಅದು ದಾರಿಯಲ್ಲಿ ಕಡಿಮೆಯಾದರೆ ಊರು ಗಂಜಿ ಇಲ್ಲದೆ ಕೂರಬೇಕು.

"ನಿನಗೆ ಯಾರ ಮೇಲೆ ಸಂಶಯ?" ಅಲ್ಫೋನ್ಸ್ ಅಂಗಾರನನ್ನು ಕೇಳಿದರು.

"ಯಾರ ಮೇಲೆಯೂ ಇಲ್ಲ ಸರ್. ಸಂಶಯ ಎಲ್ಲ ನನ್ನ ಮೇಲೆಯೇ."

"ನೀನು ಮಾರಿದ್ದೀಯಾ?"

"ಇಲ್ಲ."

ಅಬೂಬಕ್ಕರ್ ನಡುವೆ ಬಾಯಿ ಹಾಕಿದರು. "ಇವನು ಮಾರುವವನಲ್ಲ. ಆದರೆ ಸಪ್ಲೈ ಆಫೀಸಿನವರು ಕೇಳಬೇಕಲ್ಲ. ಈ ಶನಿವಾರದೊಳಗೆ ಪೆಟ್ರೋಲ್ ಎಲ್ಲಿ ಹೋಯಿತು ಅಂತ ಹೇಳಬೇಕು, ಇಲ್ಲದಿದ್ದರೆ ಬಿಲ್ಲೆ ತಂದಿಡಬೇಕು ಅಂತ ಕಾಗದ ಬಂದಿದೆ."

ಅಂಗಾರನ ಕೈ ತನ್ನಷ್ಟಕ್ಕೆ ಎದೆಗೆ ಹೋಯಿತು.

ಒಂಬತ್ತು ಗಂಟೆಗೆ ಎಫ್‌ಐಆರ್ ಆಯಿತು. ಕಲಂ ೩೭೯, ಕಳವು. ಅಲ್ಫೋನ್ಸ್ ಕಾನ್‌ಸ್ಟೇಬಲ್ ಗಿರಿಯಪ್ಪನನ್ನು ಕರೆದರು. ಗಿರಿಯಪ್ಪನಿಗೆ ಹದಿನೆಂಟು ವರ್ಷದ ಸರ್ವಿಸ್. ಓದು ಮೂರನೇ ಕ್ಲಾಸಿಗೆ ನಿಂತದ್ದು. ರಿಪೋರ್ಟ್ ಬರೆಯಲು ಕೊಟ್ಟರೆ ಅರ್ಧ ದಿನ ಬೇಕು, ಆದರೆ ಒಮ್ಮೆ ಕಂಡದ್ದನ್ನು ಮರೆತವನಲ್ಲ.

"ಕಳ್ಳ ಯಾರು ಅಂತ ಆಮೇಲೆ ನೋಡುವ ಸರ್," ಎಂದ ಅವನು. "ಕಳವು ಎಲ್ಲಿ ಅಂತ ಮೊದಲು ಗೊತ್ತಾಗಲಿ."

ಅವತ್ತು ಸಂಜೆ ಅವನು ಒಂದು ಬಿದಿರಿನ ಸಲಾಕೆ ಕೆತ್ತಿದ. ಲಾರಿಯ ಟಾಂಕಿಯಲ್ಲಿ ಇಳಿಸಿ, ತುಂಬಿದಾಗ ಎಲ್ಲಿಗೆ ಒದ್ದೆ ಬರುತ್ತದೆ ಎಂದು ನೋಡಿ, ಅಲ್ಲಿಂದ ಕೆಳಗೆ ಸಮ ಅಂತರದಲ್ಲಿ ಹನ್ನೆರಡು ಗೆರೆ ಕೊರೆದ. ಎರಡು ಗೆರೆಗೆ ಒಂದು ಗ್ಯಾಲನ್.

ಮಾರ್ಚ್ ೯, ಮಂಗಳವಾರ. ಗಿರಿಯಪ್ಪ ಮುಂಡು ಉಟ್ಟು, ತಲೆಗೆ ಬೈರಾಸು ಸುತ್ತಿ, ಹೊರೆ ಹೊರುವವನ ಹಾಗೆ ಅಕ್ಕಿ ಮೂಟೆಯ ಮೇಲೆ ಕೂತ. ಹತ್ತೂ ಮುಕ್ಕಾಲಿಗೆ ಬಂದರದ ಗೋದಾಮಿನಲ್ಲಿ ಹನ್ನೆರಡು ಗೆರೆ. ಬಲ್ಮಠದಲ್ಲಿ ಚೀಟಿಗೆ ಸಹಿ ಮಾಡಿಸಲು ಅರ್ಧ ಗಂಟೆ ನಿಂತು ಹೊರಡುವಾಗ ಹನ್ನೊಂದೂವರೆ ಗೆರೆ. ಹನ್ನೆರಡು ಗಂಟೆಗೆ ಕುಲಶೇಖರದ ಚಡಾವಿನ ಬುಡ, ಹನ್ನೊಂದು ಗೆರೆ.

ಆ ಚಡಾವಿನ ಬುಡದಲ್ಲಿ ಕುಶಲಾ ಎಂಬ ವಿಧವೆಯ ಗಂಜಿ ಹೋಟೆಲು ಇತ್ತು. ಹೋಟೆಲಿನ ಬದಿಗೆ ಬಾವಿ, ಬಾವಿಕಟ್ಟೆಯ ಹತ್ತಿರ ಒಂದು ಕಲ್ಲು, ಕಲ್ಲಿನ ಮೇಲೆ ಒಂದು ತಗಡಿನ ಡಬ್ಬ. ಆ ಕಡಿದಾದ ಏರು ಹತ್ತುವ ಮುಂಚೆ ಎಲ್ಲ ಗಾಡಿಗಳೂ ಅಲ್ಲಿ ನಿಂತು, ಆ ಡಬ್ಬದಿಂದ ಎಂಜಿನಿಗೆ ನೀರು ಕುಡಿಸಿ ಹೋಗುತ್ತಿದ್ದವು.

ಅಂಗಾರ ಮತ್ತು ಗಿರಿಯಪ್ಪ ಗಂಜಿಗೆ ಕೂತರು. ಹೊರಗೆ ಗುರುಪುರದ ಬಸ್ಸು ಬಂದು ಲಾರಿಯ ಮಗ್ಗುಲಿಗೆ ನಿಂತಿತು. ಜನ ಇಳಿದರು, ಮಜ್ಜಿಗೆ ಕುಡಿದರು, ಹತ್ತಿದರು, ಬಸ್ಸು ಹೋಯಿತು. ಹನ್ನೆರಡೂ ಮುಕ್ಕಾಲಿಗೆ ಗಿರಿಯಪ್ಪ ಸಲಾಕೆ ಇಳಿಸಿದ. ಎಂಟು ಗೆರೆ.

"ನನ್ನ ಬೆನ್ನ ಹಿಂದೆಯೇ ಆಯಿತಲ್ಲ ಮಾರಾಯ," ಎಂದ.

"ನಿಮಗೆ ಬೇಜಾರಾಯಿತು, ನನಗೆ ಖುಷಿಯಾಯಿತು ಗಿರಿಯಪ್ಪಣ್ಣ," ಎಂದ ಅಂಗಾರ. "ನಾನು ನಿಮ್ಮ ಎದುರೇ ಉಣ್ಣುತ್ತಾ ಇದ್ದೆ. ಇಷ್ಟಾದರೂ ಸಾಕ್ಷಿಯಾಯಿತು."

"ಆಫೀಸಿನವರಿಗೆ ಅಷ್ಟು ಸಾಕಾಗುವುದಿಲ್ಲ. ನೀನು ಹೊರಗೆ ಜನ ಇಟ್ಟಿದ್ದೀ ಅಂತಾರೆ."

ಗಿರಿಯಪ್ಪ ಕೈ ತೊಳೆಯಲು ಬಾವಿಕಟ್ಟೆಗೆ ಹೋದ. ಡಬ್ಬ ತುಂಬಿತ್ತು. ಕೈ ಅದ್ದುವಷ್ಟರಲ್ಲಿ ನಿಂತ. ನಡುಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು, ಅಲ್ಲಿ ನವಿಲಿನ ಕತ್ತಿನ ಹಾಗೆ ನೀಲಿ, ಹಸುರು, ನೇರಳೆ ಬಣ್ಣದ ಪೊರೆ ತೇಲುತ್ತಿತ್ತು. ಮೂಸಿ ನೋಡಿದ. ಪೆಟ್ರೋಲ್.

ಯಾರೋ ಈ ಡಬ್ಬದಲ್ಲೇ ಪೆಟ್ರೋಲ್ ಒಯ್ದಿದ್ದರು. ನೀರಿನ ಡಬ್ಬ ಹಿಡಿದವನನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದು ಗಿರಿಯಪ್ಪನಿಗೆ ಅರ್ಥವಾಯಿತು. ಅರ್ಥವಾಗದ್ದು ಒಂದೇ. ಕದ್ದವನು ಡಬ್ಬ ಬಿಸಾಡಿ ಓಡಬೇಕಿತ್ತು, ಬಾವಿಯಿಂದ ನೀರು ಸೇದಿ ತುಂಬಿ ಇಟ್ಟು ಹೋದದ್ದು ಯಾಕೆ?

ಅವನು ಅಲ್ಲಿ ಬಾಯಿ ಬಿಡಲಿಲ್ಲ. ಮರುದಿನ, ಮಾರ್ಚ್ ೧೦ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲು ಖಾಲಿ ಇದ್ದಾಗ ಯೂನಿಫಾರ್ಮಿನಲ್ಲಿ ಬಂದ.

"ಕುಶಲಕ್ಕ, ಈ ಡಬ್ಬ ಯಾರದ್ದು?"

"ನನ್ನದು. ಅದಕ್ಕೂ ಲೈಸನ್ಸ್ ಬಂತಾ?"

"ಬರಲಿಲ್ಲ. ನೀರು ಯಾರು ತುಂಬುವುದು?"

"ಬಳಸಿದವರು ತುಂಬಿ ಇಡಬೇಕು. ಮುಂದಿನ ಗಾಡಿಗೆ ಬೇಕಲ್ಲ. ತಂದ ಪಾತ್ರೆ ಖಾಲಿ ಕೊಡಬಾರದು ಅಂತ ನಮ್ಮಲ್ಲಿ ಉಂಟು, ಮನೆಯಲ್ಲಿ ಹೇಗೋ ರಸ್ತೆಯಲ್ಲೂ ಹಾಗೆ. ಆದರೆ ಈಗಿನ ಡ್ರೈವರುಗಳು ಎಲ್ಲಿ ತುಂಬ್ತಾರೆ? ಹೊಯ್ದುಕೊಳ್ಳುವುದು, ಒದ್ದು ಹೋಗುವುದು. ನಿಮ್ಮ ಅಂಗಾರನೂ ಅಷ್ಟೆ. ದಿನಕ್ಕೆ ಹತ್ತು ಸಲ ನಾನೇ ಹಗ್ಗ ಎಳೆಯಬೇಕು."

"ಯಾರೂ ತುಂಬುವುದಿಲ್ಲವಾ?"

"ಒಬ್ಬರು ತುಂಬ್ತಾರೆ. ಗುರುಪುರ ಬಸ್ಸಿನ ನೋಣಯ್ಯಣ್ಣ. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ, ಒಂದು ದಿನ ಖಾಲಿ ಇಟ್ಟವರಲ್ಲ." ಕುಶಲಾ ಇದನ್ನು ತನ್ನ ಸ್ವಂತ ಅಣ್ಣನ ವಿಷಯ ಹೇಳುವ ಹಾಗೆ ಹೇಳಿದಳು. "ಅವರ ಬಸ್ಸೂ ಹಾಗೆಯೇ. ಬೇರೆ ಗ್ಯಾಸ್ ಬಸ್ಸಿನವರು ಈ ಚಡಾವಿಗೆ ಜನರನ್ನು ಇಳಿಸಿ ದೂಡಿಸ್ತಾರೆ. ಅವರ ಬಸ್ಸು ಆನೆಯ ಹಾಗೆ ಹತ್ತಿ ಹೋಗ್ತದೆ. ಜನ ಅದಕ್ಕೇ ಕಾದು ಕೂತುಕೊಳ್ಳುವುದು."

"ಯಾವತ್ತಿನಿಂದ ಹಾಗೆ ಹತ್ತುವುದು?"

"ಅವರ ಬಸ್ಸಿಗೆ ಗ್ಯಾಸ್ ಕಟ್ಟಿ ಎರಡು ವಾರ ಆಗಲಿಲ್ಲ. ಮೊದಲ ದಿನದಿಂದಲೇ..." ಎಂದ ಕುಶಲಾ ಲಾರಿ ನಿಲ್ಲುವ ಜಾಗದ ಕಡೆ ತಿರುಗಿ ನೋಡಿದಳು.

ಗಿರಿಯಪ್ಪ ಠಾಣೆಗೆ ಬಂದು ಎಲ್ಲ ಹೇಳಿದ. ನೋಣಯ್ಯ ಊರಿಗೇ ಗೊತ್ತಿದ್ದವನು. ಈ ಊರಿನ ರಸ್ತೆಗೆ ಬಸ್ಸು ಬಂದ ಕಾಲದ ಡ್ರೈವರ್. ಅಂಗಾರನಿಗೆ ಗೇರು ಹಾಕಲು ಕಲಿಸಿದವನೂ ಅವನೇ.

"ಟಾಂಕಿಯ ಮುಚ್ಚಳಕ್ಕೆ ಬೀಗ ಮಾಡಿಸಲು ಹೇಳಿದ್ದೇನೆ ಸರ್," ಎಂದ ಗಿರಿಯಪ್ಪ. "ಕಮ್ಮಾರ ನಾಳೆ ಕೊಡ್ತಾನೆ."

"ನಾಳೆ ಹಾಕಬೇಡಿ. ನಾಳಿದ್ದು ಹಾಕುವ."

ಮಾರ್ಚ್ ೧೧, ಗುರುವಾರ. ಹೋಟೆಲಿನ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅಲ್ಫೋನ್ಸ್, ಗಿರಿಯಪ್ಪ ಮತ್ತು ಇಬ್ಬರು ಪಂಚರು ಕೂತರು. ಹನ್ನೆರಡೂ ಕಾಲಿಗೆ ಬಸ್ಸು ಬಂದು ಲಾರಿಯ ಮಗ್ಗುಲಿಗೆ ನಿಂತಿತು. ನೋಣಯ್ಯ ಇಳಿದ. ಐವತ್ತೈದರ ಪ್ರಾಯ, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಖಾಕಿ. ಡಬ್ಬದ ನೀರನ್ನು ಎಂಜಿನಿಗೆ ಹೊಯ್ದ. ಖಾಲಿ ಡಬ್ಬ ಹಿಡಿದು ಎರಡು ಗಾಡಿಗಳ ನಡುವಿನ ಸಂದಿಗೆ ಬಂದ. ಸೀಟಿನ ಕೆಳಗಿನಿಂದ ರಬ್ಬರ್ ನಳಿಗೆ ತೆಗೆದು, ಲಾರಿಯ ಟಾಂಕಿಗೆ ಇಳಿಸಿ, ಬಾಯಲ್ಲಿ ಎಳೆದು ಡಬ್ಬಕ್ಕೆ ಬಿಟ್ಟ. ಅದನ್ನು ಬಸ್ಸಿನೊಳಗೆ ಎಲ್ಲಿಗೋ ಹೊಯ್ದ. ಆಮೇಲೆ ಬಾವಿಯ ಕಡೆ ನಡೆದ.

"ಈಗ," ಎಂದು ಅಲ್ಫೋನ್ಸ್ ಎದ್ದರು.

"ಒಂದು ನಿಮಿಷ ಸರ್. ತುಂಬಿ ಇಡಲಿ."

ನೋಣಯ್ಯ ಎರಡು ಕೊಡ ಸೇದಿದ. ಡಬ್ಬ ತೊಳೆದು, ತುಂಬಿ, ಕಲ್ಲಿನ ಮೇಲೆ ಇಟ್ಟು ತಿರುಗಿದಾಗ ಎದುರಿಗೆ ಪೊಲೀಸರು.

"ನೋಣಯ್ಯ, ಲಾರಿಯಿಂದ ಎಂತ ತೆಗೆದಿರಿ?"

"ಪೆಟ್ರೋಲ್." ಅವನು ಸುಳ್ಳು ಹೇಳಲಿಲ್ಲ.

"ಎಷ್ಟು ಸಲ?"

"ಇದು ಐದನೆಯದ್ದು."

"ಮಾರಿದಿರಾ?"

"ಒಂದು ತೊಟ್ಟೂ ಇಲ್ಲ. ಎಲ್ಲ ಈ ಚಡಾವಿಗೆ."

"ಅಕ್ಕಿ ಲಾರಿ ದಾರಿಯಲ್ಲಿ ನಿಂತದ್ದು ಗೊತ್ತುಂಟಾ? ಶನಿವಾರ ಅಂಗಾರನ ಬಿಲ್ಲೆ ಹೋಗ್ತದೆ, ಅದು?"

ನೋಣಯ್ಯ ಆಗಲೇ ಅಂಗಾರನನ್ನು ನೋಡಿದ್ದು. ಅಂಗಾರ ಕೈಯ ಎಂಜಲು ತೊಳೆಯದೆ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ.

"ನನ್ನ ಹತ್ತಿರ ಕೇಳಬಹುದಿತ್ತಲ್ಲ ನೋಣಯ್ಯಣ್ಣ," ಎಂದ ಅವನು.

"ನಿನ್ನ ಹತ್ತಿರ ಕೇಳುವುದಾ? ನಾನಾ?" ಎಂದ ನೋಣಯ್ಯ. ಮತ್ತೆ ಸ್ವರ ಇಳಿಯಿತು. "ಸರಕಾರದ ಲಾರಿ, ಕಡಿಮೆಯಾದರೆ ಪುನಃ ಕೊಡ್ತಾರೆ ಅಂತ ಗ್ರಹಿಸಿದೆ. ನಿನ್ನ ಬಿಲ್ಲೆಗೆ ಬರ್ತದೆ ಅಂತ ಗೊತ್ತಿರಲಿಲ್ಲ ಮಗ."

ಅವನು ತನ್ನ ಎದೆಯ ಬಿಲ್ಲೆ ಬಿಚ್ಚಿ ಅಲ್ಫೋನ್ಸರ ಕೈಗೆ ಕೊಟ್ಟ. ಯಾರೂ ಕೇಳಿರಲಿಲ್ಲ. "ಹೋಗಬೇಕಾದ ಬಿಲ್ಲೆ ಇದು. ಹಾಗೆ ಬರೆಯಿರಿ."

ಒಂದು ಗಂಟೆಗೆ ಪಂಚನಾಮೆ ಮುಗಿಯಿತು. ಡ್ರೈವರ್ ಸೀಟಿನ ಕೆಳಗೆ ಅಡಗಿಸಿದ ಸಣ್ಣ ಟಾಂಕಿ ಒಂದು, ಅಲ್ಲಿಂದ ಎಂಜಿನಿಗೆ ಹೋಗುವ ತಾಮ್ರದ ನಳಿಗೆ ಒಂದು, ನಾಲ್ಕಡಿ ರಬ್ಬರ್ ನಳಿಗೆ ಒಂದು. ಸಣ್ಣ ಟಾಂಕಿಯ ಪೆಟ್ರೋಲ್ ಅಳೆದು ಬೇರೆ ಮಾಡಿದರು. ತಗಡಿನ ಡಬ್ಬವನ್ನೂ ಪಟ್ಟಿಗೆ ಸೇರಿಸಿದಾಗ ಕುಶಲಾ ಕೇಳಿದಳು, "ಅದನ್ನೂ ಲಾಕಪ್ಪಿಗೆ ಹಾಕುವುದಾ?"

ಆರೋಪಿಯನ್ನು ದಸ್ತಗಿರಿ ಮಾಡಿದ್ದಾಯಿತು. ಆದರೆ ಬಸ್ಸು ನಿಂತಿತ್ತು, ಒಳಗೆ ಇಪ್ಪತ್ತೆರಡು ಜನ ಇದ್ದರು. ಅಲ್ಫೋನ್ಸ್ ಅಂಗಾರನ ಮುಖ ನೋಡಿದರು. "ಚಡಾವು ಹತ್ತಿಸಿ ಕೊಡ್ತೀಯಾ? ಅಲ್ಲಿಂದ ಮುಂದಕ್ಕೆ ಬೇರೆ ಡ್ರೈವರಿಗೆ ಹೇಳಿ ಕಳಿಸಿದ್ದೇನೆ."

ಅಂಗಾರ ಬಸ್ಸಿನ ಸೀಟಿಗೆ ಹತ್ತಿದ. ಬರೀ ಗ್ಯಾಸು. ಬಸ್ಸು ಹತ್ತು ಮಾರು ಹೋಗಿ ಕೆಮ್ಮಿ ನಿಂತಿತು. ಜನ ಇಳಿದರು. ನೋಣಯ್ಯನ ಬಸ್ಸಿನಿಂದ ಆ ಚಡಾವಿನಲ್ಲಿ ಜನ ಇಳಿದದ್ದು ಅವತ್ತು ಮೊದಲು.

"ಸರ್," ಎಂದ ನೋಣಯ್ಯ. "ನಾನೂ ಒಂದು ಕೈ ಕೊಡಬಹುದಾ?"

ಅಲ್ಫೋನ್ಸ್ ಗಿರಿಯಪ್ಪನಿಗೆ ಕಣ್ಣು ಮಾಡಿದರು. ಗಿರಿಯಪ್ಪ ಅವನ ಕೈಕೋಳ ಬಿಚ್ಚಿದ. ಇಬ್ಬರೂ ಅಕ್ಕಪಕ್ಕ ನಿಂತು, ಬಿಸಿ ಒಲೆಯ ಬದಿಗೆ ಭುಜ ಕೊಟ್ಟರು. ಏರು ತಿರುವಿನಲ್ಲಿ ಅಂಗಾರ ಗೇರು ಬದಲಿಸಿದ, ಒಂದು ಕಿರುಗುಟ್ಟುವಿಕೆ ಇಲ್ಲ. ನೋಣಯ್ಯ ಏದುಸಿರಿನಲ್ಲೇ ತಲೆ ಎತ್ತಿದ. "ಕೇಳಿದಿರಾ? ನಾನು ಕಲಿಸಿದ್ದು ಅದು."

ಸಂಜೆ ನಾಲ್ಕೂವರೆಗೆ ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡರು.

"ಹೋದ ತಿಂಗಳ ಕೊನೆಗೆ ನನ್ನ ಬಸ್ಸಿಗೂ ಗ್ಯಾಸ್ ಬಂತು. ಪೆಟ್ರೋಲ್ ಹಾಕದಿದ್ದರೆ ಅದನ್ನೂ ದೂಡಬೇಕಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಯಾರೂ ನನ್ನ ಗಾಡಿಗೆ ಕೈ ಹಾಕಿರಲಿಲ್ಲ. ಅಂಗಡಿಕಟ್ಟೆಯಲ್ಲಿ ಜನ, ನೋಣಯ್ಯನ ಬಸ್ಸು ತನ್ನಷ್ಟಕ್ಕೆ ಹತ್ತುತ್ತದೆ ಎನ್ನುತ್ತಿದ್ದರು. ಅದನ್ನು ಕೇಳುವ ಆಸೆ ನನಗೆ. ಬೇರೆ ಕಾರಣ ಇಲ್ಲ." ಓದಿ ಹೇಳಿದ್ದನ್ನು ಕೇಳಿ ಸರಿಯುಂಟು ಎಂದು ಸಹಿ ಹಾಕಿದ.

ಶನಿವಾರ ಬೆಳಿಗ್ಗೆ ಅಲ್ಫೋನ್ಸ್ ತಾವೇ ಸಪ್ಲೈ ಆಫೀಸಿಗೆ ಹೋಗಿ ರಿಪೋರ್ಟ್ ಕೊಟ್ಟರು. ಅಂಗಾರನ ಬಿಲ್ಲೆ ಅವನ ಎದೆಯಲ್ಲೇ ಉಳಿಯಿತು. ಮರುದಿನ ಆದಿತ್ಯವಾರ, ರಾಜೀವಿ ಅದನ್ನು ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದಳಂತೆ. ಆ ತಿಂಗಳೊಳಗೆ ಊರಿನ ಎಲ್ಲ ಲಾರಿಗಳ ಟಾಂಕಿಗೆ ಬೀಗ ಬಂತು. ಡ್ರೈವರುಗಳು ಅದನ್ನು ಗಿರಿಯಪ್ಪನ ಬೀಗ ಎಂದೇ ಕರೆದರು. ಯುದ್ಧ ಮುಗಿಯುವವರೆಗೆ ಅಕ್ಕಿ ಲಾರಿ ಪೆಟ್ರೋಲ್ ಇಲ್ಲದೆ ನಿಂತದ್ದು ಇಲ್ಲ. ಗಿರಿಯಪ್ಪ ಪೆನ್ಶನ್ ಆದ ಮೇಲೂ ಆ ಹೆಸರು ಕೇಳಿದರೆ ಮೀಸೆಯ ಕೆಳಗೆ ನಗುತ್ತಿದ್ದ.

ನೋಣಯ್ಯನಿಗೆ ಎರಡು ತಿಂಗಳ ಸಜೆಯಾಯಿತು. ಕೋರ್ಟಿನ ಕೆಲಸ ಮುಗಿದ ದಿನ ಗಿರಿಯಪ್ಪ ತಗಡಿನ ಡಬ್ಬ ಹಿಡಿದು ಚಡಾವಿನ ಬುಡಕ್ಕೆ ಬಂದ. ಕುಶಲಾ ಒಳಗೆ ಗಂಜಿ ಬಸಿಯುತ್ತಿದ್ದಳು. ಅವನು ಕರೆಯಲಿಲ್ಲ. ಬಾವಿಯಿಂದ ಎರಡು ಕೊಡ ಸೇದಿ, ಡಬ್ಬ ತುಂಬಿ, ಕಲ್ಲಿನ ಮೇಲೆ ಇಟ್ಟು ಹೋದ.