ಅಜ್ಜಿಯ ಐದು ವಿಳಾಸಗಳು

"ನಿನ್ನಜ್ಜಿ ನಕ್ಷತ್ರಾನೂ ಆಗಿಲ್ಲ, ಮೋಡಾನೂ ಆಗಿಲ್ಲ ಕಣೋ. ಸತ್ತುಹೋಗಿದಾರೆ, ಅಷ್ಟೆ!" ಎಂದುಬಿಟ್ಟಳು ತಕರಾರು.

ಇಡೀ ಕ್ಲಾಸು ಗಪ್‌ಚುಪ್ಪಾಯಿತು. ಪಕ್ಕದಲ್ಲೇ ಕೂತಿದ್ದ ಮಿಡತೆಯ ಕೆಳತುಟಿ ನಡುಗಿತು. ಆಮೇಲೆ ಗಲ್ಲ ನಡುಗಿತು. ಆಮೇಲೆ ಹೋ ಎಂದು ಅಳು ಬಂತು.

ತಕರಾರು ಅವಳ ನಿಜವಾದ ಹೆಸರಲ್ಲ ಬಿಡಿ. ಮಾತೆತ್ತಿದರೆ "ಟೀಚರ್, ಒಂದು ಡೌಟು" ಎಂದು ಎದ್ದು ನಿಲ್ಲುತ್ತಿದ್ದಳಲ್ಲ, ಬೇಸತ್ತು ಟೀಚರೇ ಇಟ್ಟ ಹೆಸರು ಅದು. ಮಿಡತೆಗೆ ಆ ಹೆಸರು ಬಂದದ್ದು ಅವನ ಉದ್ದುದ್ದ ಕಾಲುಗಳಿಂದ. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು.

ಹಾಗೆ ನೋಡಿದರೆ, ಇದನ್ನೆಲ್ಲ ಶುರು ಮಾಡಿದ್ದು ತಕರಾರು ಅಲ್ಲವೇ ಅಲ್ಲ. ಮಿಡತೆಯ ಅಜ್ಜಿ ತೀರಿಕೊಂಡು ಎಂಟು ದಿನವಾಗಿತ್ತು. ಆ ಎಂಟು ದಿನಗಳಲ್ಲಿ ಕಂಡಕಂಡ ದೊಡ್ಡವರೆಲ್ಲ ಭಾರೀ ಜ್ಞಾನಿಗಳಾಗಿಬಿಟ್ಟಿದ್ದರು. ಅಜ್ಜಿ ನಕ್ಷತ್ರವಾಗಿದ್ದಾಳೆ ಎಂದಳು ದೊಡ್ಡಮ್ಮ. ಮೋಡದಲ್ಲಿದ್ದಾಳೆ ಎಂದರು ಪಕ್ಕದ ಮನೆಯ ಅಂಕಲ್. ದೂರದ ಪ್ರಯಾಣ ಹೋಗಿದ್ದಾಳೆ ಎಂದ ಸ್ಕೂಲ್ ವ್ಯಾನಿನ ಡ್ರೈವರ್, ಬ್ಯಾಗು ಯಾಕೆ ಮನೆಯಲ್ಲೇ ಬಿಟ್ಟುಹೋದಳು ಎಂದು ಮಾತ್ರ ಹೇಳಲಿಲ್ಲ. ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದ ಮೂಲೆ ಅಂಗಡಿಯವನು. ಅವನಿಗೇ ತೊಂಬತ್ತು ದಾಟಿತ್ತು, ಪಾಪ. ಇನ್ನು ಟೀಚರಂತೂ, "ಅಜ್ಜಿ ಮೇಲಿಂದ ಇಪ್ಪತ್ನಾಲ್ಕು ಗಂಟೆ ನಿನ್ನನ್ನೇ ನೋಡ್ತಿರ್ತಾರೆ," ಎಂದಿದ್ದರು. ಐದು ಜನ, ಐದು ವಿಳಾಸ. ಒಬ್ಬರಾದರೂ ಹೋಗಿ ನೋಡಿಕೊಂಡು ಬಂದಿದ್ದರೆ ಕೇಳಿ!

"ಮೊದ್ಲು ಸಾರಿ ಕೇಳು. ಅಜ್ಜಿ ಮೇಲಿದಾರೆ ಅಂತ ಹೇಳು," ಟೀಚರ್ ಗದರಿದರು.

"ಮೇಲೆ ಅಂದ್ರೆ ಎಷ್ಟನೇ ಫ್ಲೋರು ಟೀಚರ್?"

ಉಳಿದ ಪೀರಿಯಡ್ಡನ್ನೆಲ್ಲ ತಕರಾರು ಬಾಗಿಲಾಚೆ ನಿಂತು ಕಳೆದಳು. ಅದಕ್ಕೇನೂ ಅವಳಿಗೆ ಬೇಜಾರಾಗಲಿಲ್ಲ. ಆದರೆ ಒಳಗೆ ಬಂದು ನೋಡಿದರೆ ಮಿಡತೆ ತನ್ನ ಬ್ಯಾಗು ಎತ್ತಿಕೊಂಡು ಕೊನೇ ಬೆಂಚಿಗೆ ಹೋಗಿ ಕೂತಿದ್ದ. ಆಗ ಮಾತ್ರ ಅವಳಿಗೆ ಬೇಜಾರಾಯಿತು.

ತಕರಾರುವಿನ ಅಪ್ಪ ಲಿಫ್ಟ್ ಮೆಕ್ಯಾನಿಕ್. "ಊರಿನ ಎಲ್ಲಾ ಬಿಲ್ಡಿಂಗಿನ ತುದೀನೂ ನೋಡಿದೀನಿ. ಮೇಲಿರೋದು ಒಂದು ಮೋಟಾರು, ನಾಕು ಪಾರಿವಾಳ," ಎನ್ನುವುದು ಅವನ ಮಾಮೂಲಿ ಮಾತು. ಲಿಫ್ಟು ಮಧ್ಯದಲ್ಲಿ ನಿಂತಾಗ ಜನ ದೇವರೇ ದೇವರೇ ಎಂದು ಕೂಗುತ್ತಾರಲ್ಲ, ಅವರಿಗೂ ಅವನು ಹೇಳುವುದು ಒಂದೇ: "ದೇವರನ್ನ ಆಮೇಲೆ ಕರೀರಿ, ಮೊದ್ಲು ನನ್ನ ಕರೀರಿ. ನಂಬರು ಅಲ್ಲೇ ಬರೆದಿದೆ."

"ಅಪ್ಪಾ, ನಾನೇನು ಸುಳ್ಳು ಹೇಳಿದ್ನಾ?" ಆ ಸಂಜೆ ತಕರಾರು ಕೇಳಿದಳು.

"ಇಲ್ವಲ್ಲ. ಹುಟ್ಟೋಕೆ ಮುಂಚೆ ನೀನೆಲ್ಲಿದ್ದೆ? ಎಲ್ಲೂ ಇರ್ಲಿಲ್ಲ. ಆಗೇನಾದ್ರೂ ನೋವಾಗ್ತಿತ್ತಾ? ಇಲ್ಲ. ಸತ್ತ ಮೇಲೂ ಅಷ್ಟೇ."

"ಆದ್ರೆ ಅವನು ಅತ್ನಲ್ಲ?"

ಅಪ್ಪನ ಚೀಲದಲ್ಲಿ ಹದಿನೇಳು ಸ್ಪ್ಯಾನರ್ ಇದ್ದವು. ಈ ಪ್ರಶ್ನೆಗೆ ಒಂದೂ ಹೊಂದಲಿಲ್ಲ. ಅವನು ಕೆಮ್ಮಿ, ಕೈಗಂಟಿದ್ದ ಗ್ರೀಸನ್ನು ಒರೆಸಿಕೊಳ್ಳುತ್ತಾ, "ಹೋಮ್‌ವರ್ಕ್ ಆಯ್ತಾ?" ಎಂದ.

ಶನಿವಾರ ಮಿಡತೆಯ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಸರ್ವೀಸು. ತಾನೂ ಬರುತ್ತೇನೆಂದು ತಕರಾರು ಹಟ ಹಿಡಿದಳು. ಅಪ್ಪ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು ನೇತುಹಾಕಿ ಮೋಟಾರು ರೂಮಿಗೆ ಹೋದ. ಇವಳು ಸಾರಿ ಹೇಳುವುದನ್ನು ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡುತ್ತಾ ನಾಲ್ಕು ಮಹಡಿ ಹತ್ತಿದಳು. ಮೇಲೆ ಬರುವಷ್ಟರಲ್ಲಿ ಉಸಿರಿನ ಜೊತೆ ಸಾರಿಯೂ ಹೋಗಿತ್ತು. ಮಿಡತೆ ಅಲ್ಲೇ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

"ಯಾಕೆ ಬಂದೆ?"

"ಲಿಫ್ಟ್ ರಿಪೇರಿಗೆ."

"ಓಹೋ, ನೀನು ಮಾಡ್ತೀಯಾ ರಿಪೇರಿ?"

ತಕರಾರು ಎರಡು ಮೆಟ್ಟಿಲು ಬಿಟ್ಟು ಕೂತಳು. ಆಮೇಲೆ ಮಿಡತೆ ಮೆಲ್ಲಗೆ ಕೇಳಿದ, "ಏಯ್, ಅಜ್ಜಿ ನಿಜವಾಗ್ಲೂ ನನ್ನ ನೋಡ್ತಿಲ್ವಾ?"

ಒಂದೇ ಒಂದು ಸಣ್ಣ ಸುಳ್ಳು ಹೇಳಿದ್ದರೆ ಸಾಕಿತ್ತು, ಅವನು ಸೋಮವಾರ ಪಕ್ಕದಲ್ಲೇ ಬಂದು ಕೂರುತ್ತಿದ್ದ. ಸುಳ್ಳು ನಾಲಿಗೆಯ ತುದಿಗೂ ಬಂತು.

"ಇಲ್ಲ ಕಣೋ. ನೋಡ್ತಿಲ್ಲ."

"ಅಬ್ಬ!" ಮಿಡತೆ ಉಸಿರು ಬಿಟ್ಟ.

ತಕರಾರು ಬೆಪ್ಪಾಗಿ ಅವನನ್ನೇ ನೋಡಿದಳು.

"ಅವತ್ತು ಅಜ್ಜಿ ಪೇಪರ್ ಓದು ಬಾ ಅಂತ ಮೂರು ಸಲ ಕರೆದ್ರು. ನಾನು ಮೊಬೈಲಲ್ಲಿ ಗೇಮ್ ಆಡ್ತಿದ್ದೆ. ಕೇಳಿಸದೇ ಇರೋ ಥರ ಸುಮ್ನಿದ್ದೆ. ಮಾರನೇ ಬೆಳಿಗ್ಗೆ ಅಜ್ಜಿ ಏಳ್ಲೇ ಇಲ್ಲ. ಈಗ ಎಲ್ರೂ ನೋಡ್ತಿದಾರೆ ನೋಡ್ತಿದಾರೆ ಅಂತಾರೆ. ನಂಗೆ ಸ್ನಾನಕ್ಕೆ ಹೋಗೋಕೂ ಭಯ!"

ದೊಡ್ಡವರ ಸಮಾಧಾನ ಅಂದರೆ ಹೀಗಿರುತ್ತದೆ ನೋಡಿ. ಎಂಟು ವರ್ಷ ಮುದ್ದು ಮಾಡಿದ್ದ ಅಜ್ಜಿಯನ್ನು ಎಂಟೇ ದಿನದಲ್ಲಿ ಸಿಸಿ ಕ್ಯಾಮೆರಾ ಮಾಡಿ ಕೂರಿಸಿದ್ದರು.

ಮಿಡತೆಯ ಮುಖ ಮತ್ತೆ ಸಣ್ಣಗಾಯಿತು. "ಆದ್ರೆ ಅಜ್ಜಿ ಎಲ್ಲೂ ಇಲ್ಲ ಅಂದ್ರೆ, ನಾನು ಸಾರಿ ಯಾರಿಗೆ ಹೇಳ್ಲಿ?"

ತಕರಾರು ಅಪ್ಪನ ಉತ್ತರಗಳನ್ನೆಲ್ಲ ತಡಕಾಡಿದಳು, ಒಂದೂ ಕೆಲಸಕ್ಕೆ ಬರಲಿಲ್ಲ. ತಲೆಯೆತ್ತಿ ನೋಡಿದಳು. ಮೇಲೆ ಅಪ್ಪ ಸುತ್ತಿಗೆಯಲ್ಲಿ ಟಣ್ ಟಣ್ ಎನಿಸುತ್ತಿದ್ದ. ಅಲ್ಲಿಂದ ಇನ್ನಾರೂ ಇಳಿದು ಬರುವಂತಿರಲಿಲ್ಲ. ಈ ಮೆಟ್ಟಿಲ ಮೇಲೆ ಇದ್ದವಳು ಅವಳೊಬ್ಬಳೇ. ಸರಿದು ಬಂದು ಅವನಿಗೆ ಒತ್ತಿಕೊಂಡು ಕೂತಳು.

"ನಂಗೆ ಹೇಳು."

"ನೀನೇನು ನನ್ನಜ್ಜೀನಾ?"

"ಅಲ್ಲ. ಆದ್ರೆ ಬೇರೆ ಯಾರೂ ಇಲ್ವಲ್ಲೋ."

ಮಿಡತೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಮೊದಲು ಸಾರಿ ಹೇಳಿದ. ಆಮೇಲೆ, ಅಜ್ಜಿ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದದ್ದು, ಪೇಪರಿನ ಕಳ್ಳರ ಸುದ್ದಿಯನ್ನೇ ಎರಡೆರಡು ಸಲ ಓದಿಸುತ್ತಿದ್ದದ್ದು ಎಲ್ಲ ಹೇಳತೊಡಗಿದ. ಅಜ್ಜಿಗೆ ನೂರಾ ಎರಡು ವರ್ಷ ಆಗಿತ್ತು ಎಂದೂ ಬುರುಡೆ ಬಿಟ್ಟ. ತಕರಾರು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಳು.

"ಮುಗೀತು, ಬಾರೆ ಹೋಗೋಣ!" ಅಪ್ಪ ಚೀಲ ಹೆಗಲಿಗೇರಿಸಿಕೊಂಡು ಇಳಿದು ಬಂದ.

"ಇವನದು ಇನ್ನೂ ಮುಗಿದಿಲ್ಲಪ್ಪ."

ಅಪ್ಪ ಇಬ್ಬರನ್ನೂ ನೋಡಿದ. ಚೀಲ ಕೆಳಗಿಟ್ಟು ತಾನೂ ಒಂದು ಮೆಟ್ಟಿಲ ಮೇಲೆ ಕೂತ.

"ಹೂಂ, ಆಮೇಲೆ?" ಎಂದಳು ತಕರಾರು.