ಎಂಟನೇ ಪಾಠದ ಕೆಮ್ಮು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ದಿನ ನನಗೆ ಕೆಮ್ಮಿರಲಿಲ್ಲ. ಮಕ್ಕಳ ಇತಿಹಾಸದ ಪಠ್ಯಪುಸ್ತಕವೊಂದನ್ನು ಆಡಿಯೊಗಾಗಿ ಓದುತ್ತಿದ್ದೆ. ಅದರ ಪ್ರಕಾಶಕಿ ನನ್ನ ಅಕ್ಕ. ಗಾಜಿನಾಚೆ ಕೂತು ರೆಕಾರ್ಡಿಂಗ್ ಮಾಡುತ್ತಿದ್ದಳು. ರಾಜರು, ಯುದ್ಧಗಳು ಎಲ್ಲ ಸಲೀಸಾಗಿ ಮುಗಿದವು. ಎಂಟನೇ ಪಾಠದಲ್ಲಿ, ‘ಬಟ್ಟೆ ಗಿರಣಿಯ ಮುಷ್ಕರ ಶಾಂತಿಯುತವಾಗಿ ಕೊನೆಗೊಂಡಿತು’ ಎಂದು ಓದುವಾಗ ಹೆಡ್‌ಫೋನಿನಲ್ಲಿ ಯಾರೋ ಕೆಮ್ಮಿದರು.

“ನೀರು ಕುಡಿದು ಓದೋ,” ಎಂದಳು ಅಕ್ಕ.

“ಕೆಮ್ಮಿದ್ದು ನಾನಲ್ಲ ಕಣೇ.”

“ಮತ್ತೆ? ಪುಸ್ತಕಕ್ಕೆ ನೆಗಡಿನಾ?”

ಮತ್ತೆ ಓದಿದೆ. ಈ ಸಲ ನಾಲ್ಕೈದು ಜನರ ಒಣ ಕೆಮ್ಮು. ತಣ್ಣಗಿದ್ದ ಎ.ಸಿ. ಕೋಣೆ ಬಿಸಿಯಾಯಿತು, ತುಟಿಗೆ ಹತ್ತಿಯ ಎಳೆಯೊಂದು ಅಂಟಿತು. ಅಕ್ಕನೇ ಒಳಗೆ ಬಂದು ಆ ವಾಕ್ಯ ಓದಿದಳು. ಅವಳು ಓದುವಾಗಲೂ ಅದೇ ಕೆಮ್ಮು. ಮುಖ ಬಿಳಿಚಿಕೊಂಡಿತು, ಹಟ ಮಾತ್ರ ಇಳಿಯಲಿಲ್ಲ.

“ಶಾಲೆಯವರು ಒಪ್ಪಿರೋ ಪಾಠ ಇದು. ಒಂದಕ್ಷರ ಬಿಟ್ರೂ ವಾಪಸ್ ಬರುತ್ತೆ. ನೀನು ಓದ್ದೇ ಇದ್ರೆ ಇನ್ಮೇಲೆ ನಿಂಗೆ ಕೆಲಸ ಕೊಡಲ್ಲ, ನೋಡು.”

“ಕೊಡ್ಬೇಡ ಬಿಡು. ಆ ಮುಷ್ಕರ ಶಾಂತಿಯುತವಾಗಿ ಮುಗೀಲಿಲ್ಲ ಅಂತ ಆ ಗಿರಣಿಯ ಕೆಲಸಗಾರರೇ ಕೆಮ್ಮಿ ಹೇಳ್ತಿದ್ದಾರೆ. ನಾನು ಅವರ ಕಡೆ.”

ಹೆಡ್‌ಫೋನ್ ಕಳಚಿಟ್ಟು ಹೊರಬಿದ್ದೆ. ಅಕ್ಕ ಬಿಡುವವಳಲ್ಲ, ಆ ವಾಕ್ಯದಿಂದ ಮುಂದಿನದನ್ನೆಲ್ಲ ಕಂಪ್ಯೂಟರಿನ ಧ್ವನಿಯಲ್ಲಿ ಸೇರಿಸಿ ಶಾಲೆಗಳಿಗೆ ಕಳಿಸಿದಳು. ಕಳಿಸುವಾಗ ಎಲ್ಲ ಸರಿಯಾಗಿಯೇ ಇತ್ತಂತೆ. ಈಗ ಯಾವ ತರಗತಿಯಲ್ಲಿ ಹಾಕಿದರೂ, ಗಂಟಲೇ ಇಲ್ಲದ ಆ ಧ್ವನಿ ‘ಮುಷ್ಕರ’ ಎನ್ನುವವರೆಗೆ ಚೆನ್ನಾಗಿ ಓದುತ್ತದೆ. ಆಮೇಲೆ ಕೆಮ್ಮಲು ಶುರು ಮಾಡುತ್ತದೆ.